ಪಾಮನಕಲ್ಲೂರಿನ ದಿನಚರಿ ಎಲ್ಲಿದೆ?

ಎಡೆದೊರೆ ನಾಡಿನ, ಅಂದರೆ ರಾಯಚೂರು ಸೀಮೆಯ, ಹೆಂಗಸರು ನೂರೈವತ್ತು ವರ್ಷಗಳ ಹಿಂದೆ ಹೇಗೆ ಬಾಳಿದರು, ಏನು ಉಂಡರು, ಎಷ್ಟು ಹೊತ್ತಿಗೆ ಎದ್ದರು, ಯಾವುದಕ್ಕೆ ಅತ್ತರು ಎಂದು ಕೇಳಿದರೆ ನಮ್ಮ ವಿದ್ವತ್ತಿನ ಬಳಿ ಸಿದ್ಧವಾದ ಉತ್ತರವೊಂದಿದೆ: ದಾಖಲೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹೆಂಗಸರು ರಾತ್ರಿ ದೀಪದ ಮುಂದೆ ಕೂತು ಅಂದಂದಿನ ಅಡುಗೆ, ಒಗೆತ, ಹೆರಿಗೆ, ಮಳೆ, ಹಿಮ, ಬಂದುಹೋದ ನೆಂಟರು ಎಲ್ಲವನ್ನೂ ಬರೆದಿಟ್ಟರು. ಅದಕ್ಕೇ ಅವರ ಮನೆಯೊಳಗಿನ ಚರಿತ್ರೆ ಇಂದು ಪುಸ್ತಕಗಳ ಸಾಲಾಗಿ ನಿಂತಿದೆ. ನಮ್ಮವರಿಗೆ ಅಕ್ಷರವಿರಲಿಲ್ಲ, ಕಾಗದವಿರಲಿಲ್ಲ, ಬರೆಯುವಷ್ಟು ಬಿಡುವೂ ಇರಲಿಲ್ಲ. ಹೀಗಾಗಿ ಅವರ ಚರಿತ್ರೆಯೂ ಇಲ್ಲ. ವಿಚಾರಸಂಕಿರಣಗಳಲ್ಲಿ, ಮುನ್ನುಡಿಗಳಲ್ಲಿ, ಸಂಶೋಧನ ಪ್ರಬಂಧಗಳ ಮೊದಲ ಅಧ್ಯಾಯಗಳಲ್ಲಿ ಈ ಮಾತು ವಿಷಾದದ ದನಿಯಲ್ಲಿ ಬರುತ್ತದೆ. ವಿಷಾದ ಪ್ರಾಮಾಣಿಕವೇ ಇರಬಹುದು, ವಾದ ಮಾತ್ರ ಸುಳ್ಳು. ಡೈರಿ ಇದ್ದವರ ಚರಿತ್ರೆ ತಾನಾಗಿ ಉಳಿಯಿತು ಎನ್ನುವುದೂ ಸುಳ್ಳು, ಡೈರಿ ಇಲ್ಲದವರ ಬದುಕು ಗುರುತಿಲ್ಲದೆ ಅಳಿಯಿತು ಎನ್ನುವುದೂ ಸುಳ್ಳು. ಅಲ್ಲಿಯೂ ಇಲ್ಲಿಯೂ ಹೆಂಗಸರ ದಿನಗಳನ್ನು ಕಾಣದಂತೆ ಮಾಡಿದ್ದು ಒಂದೇ ಸಂಗತಿ: ಕೈಗೆ ಸಿಕ್ಕ ಸಾಕ್ಷ್ಯವನ್ನು ಓದಲು ಯೋಗ್ಯವಲ್ಲ ಎಂದು ಬದಿಗೆ ಸರಿಸಿದ ಓದುಗರ ತೀರ್ಪು.

ಅಮೆರಿಕದ ಕಥೆಯನ್ನೇ ಮೊದಲು ನೋಡೋಣ, ಏಕೆಂದರೆ ನಮ್ಮವರು ಆಧಾರವಾಗಿ ಎತ್ತಿ ಹೇಳುವುದು ಅದನ್ನೇ. ಈಗಿನ ಮೇಯ್ನ್ ರಾಜ್ಯದ ಹ್ಯಾಲೊವೆಲ್ ಎಂಬ ಹೊಳೆದಂಡೆಯ ಊರಿನಲ್ಲಿ ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ದಿನ ಬಿಡದೆ ಎಂಬಂತೆ ದಿನಚರಿ ಬರೆದಳು. ಅದರಲ್ಲಿ 816 ಹೆರಿಗೆಗಳ ಲೆಕ್ಕವಿದೆ. ಯಾವ ಮನೆಗೆ ಯಾವ ಹೊತ್ತಿಗೆ ಕರೆ ಬಂತು, ಹೊಳೆ ದಾಟಿದ್ದು ದೋಣಿಯಲ್ಲೋ ಹಿಮದ ಮೇಲೋ, ಕೂಲಿ ಕಾಸಿನಲ್ಲಿ ಬಂತೋ ಕಾಳಿನಲ್ಲೋ, ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಗಜ ಬಟ್ಟೆ ನೇಯ್ದರು ಎಂಬುದೆಲ್ಲ ಇದೆ. ಇಷ್ಟಿದ್ದೂ ಏನಾಯಿತು? 1870ರಲ್ಲಿ ಆ ಸೀಮೆಯ ಚರಿತ್ರೆ ಬರೆದ ಜೇಮ್ಸ್ ನಾರ್ತ್ ಈ ದಿನಚರಿಯನ್ನು ನೋಡಿದ್ದ. ಕೆಲವು ಭಾಗ ಬಿಟ್ಟರೆ ಉಳಿದದ್ದು ಸಾಮಾನ್ಯ ಓದುಗರಿಗೆ ಬೇಕಾದದ್ದಲ್ಲ ಎಂದು ಷರಾ ಬರೆದ. ಬ್ಯಾಲರ್ಡ್ ವಂಶದವಳೇ ಆದ ವೈದ್ಯೆ ಮೇರಿ ಹೋಬಾರ್ಟ್ 1930ರಲ್ಲಿ ಅದನ್ನು ಮೇಯ್ನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟಳು. ಅಲ್ಲಿಂದಲೂ ಅರುವತ್ತು ವರ್ಷ ಕಾಯಬೇಕಾಯಿತು. ಚರಿತ್ರೆಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಕ್ 1990ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಪುನರಾವರ್ತನೆಯನ್ನೇ, ಅಂದರೆ ನೂಲು, ಸಾಬೂನು, ಜ್ವರ, ಹೆರಿಗೆಗಳ ಬೇಸರದ ಸಾಲನ್ನೇ, ಚರಿತ್ರೆಯ ತಿರುಳಾಗಿ ಓದಿದಳು. ಗಂಡಸರ ಲೆಕ್ಕದ ಪುಸ್ತಕಗಳಲ್ಲಿ ಎಲ್ಲೂ ಕಾಣದ ಹೆಂಗಸರ ಕೊಡುಕೊಳ್ಳುವಿಕೆಯ ಒಂದು ಇಡೀ ಆರ್ಥಿಕತೆ ಎದ್ದು ಬಂತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ. ಕಾಗದವಿತ್ತು, ಶಾಯಿ ಇತ್ತು, ದಿನಾಂಕವಿತ್ತು. ಒಬ್ಬ ಓದುಗಿತ್ತಿ ಹುಟ್ಟುವವರೆಗೆ ಅದೂ ಇಲ್ಲದ್ದರ ಲೆಕ್ಕಕ್ಕೇ ಸೇರಿತ್ತು.

ಡೈರಿ ಎಂದರೆ ಎದೆ ಬಿಚ್ಚಿಟ್ಟ ಬರಹ ಎಂಬ ಕಲ್ಪನೆಯೂ ನಮ್ಮಲ್ಲಿದೆ. ಅದನ್ನೂ ಕಳಚಿಡುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮನೆ ಡೈರಿಗಳಲ್ಲಿ ಹೆಚ್ಚಿನವು ಪಂಚಾಂಗದ ಮಗ್ಗುಲ ಖಾಲಿ ಹಾಳೆಯಲ್ಲೋ ತಾರೀಖು ಅಚ್ಚಾದ ಅಂಗೈಯಗಲದ ಪುಸ್ತಕದಲ್ಲೋ ಬರೆದ ನಾಲ್ಕೈದು ಸಾಲುಗಳು: ಮೊದಲು ಹವೆ, ಆಮೇಲೆ ಕೆಲಸ, ಆಮೇಲೆ ಬಂದವರು ಹೋದವರು. ಫಿಲಡೆಲ್ಫಿಯಾದಲ್ಲಿ ಹೊಲಿಗೆ ಮತ್ತು ಮನೆಗೆಲಸದಿಂದ ಬದುಕುತ್ತಿದ್ದ ಎಮಿಲಿ ಡೇವಿಸ್ ಎಂಬ ಸ್ವತಂತ್ರ ಕಪ್ಪು ಹೆಣ್ಣುಮಗಳು 1863ರಿಂದ 65ರವರೆಗೆ ಅಂಥ ಮೂರು ಕಿರುಪುಸ್ತಕ ತುಂಬಿಸಿದಳು. ಗುಲಾಮಗಿರಿಯ ಅಂತ್ಯವನ್ನು ಸಾರುವ ಘೋಷಣೆಯೂ ಚರ್ಚಿನಿಂದ ಮನೆಗೆ ನಡೆದು ಬಂದದ್ದೂ ಅಲ್ಲಿ ಒಂದೇ ಅಳತೆಯ ಜಾಗ ಪಡೆಯುತ್ತವೆ. ಅಯೊವಾದ ಎಮಿಲಿ ಹಾಲಿ ಗಿಲೆಸ್ಪಿ 1858ರಿಂದ 1888ರವರೆಗೆ ಬರೆದದ್ದರಲ್ಲಿ ಬೆಣ್ಣೆ, ಮೊಟ್ಟೆ, ಟರ್ಕಿ ಕೋಳಿ ಮಾರಿದ ಲೆಕ್ಕ ದಟ್ಟವಾಗಿದೆ. ಕೆಡುತ್ತ ಹೋದ ದಾಂಪತ್ಯ ಆ ಲೆಕ್ಕಗಳ ಸಂದಿಯಿಂದಲೇ ಇಣುಕುತ್ತದೆ. ಲೇಖಕಿ ಲೂಯಿಸಾ ಮೇ ಆಲ್ಕಾಟ್‌ಳ ಬಾಲ್ಯದ ಡೈರಿಯನ್ನು ತಂದೆ ತಾಯಿ ಓದುತ್ತಿದ್ದರು, ಅದರೊಳಗೇ ಬುದ್ಧಿಮಾತು ಬರೆದಿಡುತ್ತಿದ್ದರು. ಇನ್ನು ಅಂತರ್ಯುದ್ಧದ ಕಣ್ಣಾರೆ ಸಾಕ್ಷಿ ಎಂದು ಹೆಸರಾದ ಮೇರಿ ಚೆಸ್ನಟ್‌ಳ ದಿನಚರಿಯ ಬಹುಭಾಗವನ್ನು ಅವಳೇ 1880ರ ದಶಕದಲ್ಲಿ, ಯುದ್ಧ ಮುಗಿದು ಇಪ್ಪತ್ತು ವರ್ಷವಾಗುವ ಹೊತ್ತಿಗೆ, ತಿದ್ದಿ ಬೆಳೆಸಿ ಮತ್ತೆ ಬರೆದಳು. ಅಂದರೆ ಡೈರಿಯೂ ಒಂದು ಕಟ್ಟು. ಅದಕ್ಕೂ ಪಲ್ಲವಿಯಿದೆ, ಕೇಳುಗರಿದ್ದಾರೆ, ಮರೆಮಾಚುವಿಕೆಯಿದೆ, ಕಾಲಾಂತರದ ತಿದ್ದುಪಡಿಯಿದೆ. ನಮ್ಮ ಹಾಡು-ಕತೆಗಳ ಮೇಲೆ ಯಾವ ದೋಷ ಹೊರಿಸಿ ಅವನ್ನು ಸಾಕ್ಷಿಕಟ್ಟೆಯಿಂದ ಇಳಿಸುತ್ತೇವೆಯೋ ಆ ದೋಷಗಳೆಲ್ಲ ಡೈರಿಯಲ್ಲೂ ಇವೆ. ಆದರೂ ಅದು ಚರಿತ್ರೆಯಾಯಿತು.

ಈಗ ನಮ್ಮ ನೆಲಕ್ಕೆ ಬರೋಣ. ಪಾಮನಕಲ್ಲೂರು ಈಚಿನವರೆಗೂ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿಗೆ ಸೇರಿದ ಹೋಬಳಿ ಊರು, ಒಣಬೇಸಾಯದ ಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ನಿಜಾಮರ ರಾಜ್ಯ. 1853ರಿಂದ ಏಳು ವರ್ಷ ರಾಯಚೂರು ದೋಆಬು ಬ್ರಿಟಿಷರ ಕೈಯಲ್ಲಿದ್ದು 1860ರಲ್ಲಿ ಮರಳಿ ನಿಜಾಮರಿಗೆ ಹೋಯಿತು. ಲಿಂಗಸುಗೂರಿನಲ್ಲಿ ದಂಡಿನ ಛಾವಣಿ ಇತ್ತು, ಹೀಗಾಗಿ ಅಲ್ಲಿನ ಅಧಿಕಾರಿಗಳ ಕಾಗದಪತ್ರ ಉಂಟು. ಪಕ್ಕದ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆ ಅವನು ತೀರಿದ ಮರುವರ್ಷ, 1877ರಲ್ಲಿ, ಅವನ ಮಗಳ ಆರೈಕೆಯಲ್ಲಿ ಹೊರಬಂತು. ಸರಕಾರದ ಬರಹ 1880ರ ದಶಕದವರೆಗೆ ಪಾರಸಿ, ಆಮೇಲೆ ಉರ್ದು. ಕನ್ನಡದಲ್ಲಿ ನಾಲ್ಕಕ್ಷರ ಕಲಿತ ಗಂಡಸಿಗೇ ಕಚೇರಿಯ ಬಾಗಿಲು ದೂರವಾಗಿದ್ದ ಕಾಲದಲ್ಲಿ ಹೆಣ್ಣುಮಗಳಿಗೆ ಅಕ್ಷರವೆಲ್ಲಿಯದು? 1901ರ ಜನಗಣತಿಯಲ್ಲಿ ಇಡೀ ಭಾರತದ ಹೆಂಗಸರ ಸಾಕ್ಷರತೆ ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. 2011ರಲ್ಲಿ ಕೂಡ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ಅರ್ಧಕ್ಕಿಂತ ಕಡಿಮೆ. ಇವೆಲ್ಲ ಸತ್ಯ, ಅಲ್ಲಗಳೆಯುವಂತಿಲ್ಲ. ಪಾಮನಕಲ್ಲೂರಿನ ಯಾವ ಅಟ್ಟದಲ್ಲೂ 1860ರ ಒಕ್ಕಲುಗಿತ್ತಿಯ ಡೈರಿ ಸಿಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪ್ರಶ್ನೆ ಅದಲ್ಲ. ಡೈರಿ ಇಲ್ಲವೆಂಬುದರಿಂದ ಸಾಕ್ಷ್ಯವೇ ಇಲ್ಲ ಎಂಬಲ್ಲಿಗೆ ಜಿಗಿದದ್ದು ಹೇಗೆ?

ಈ ಜಿಗಿತದ ಅಸಂಗತತೆ ಕಾಣಬೇಕಾದರೆ ದೂರ ಹೋಗಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲೇ ಮುದಗಲ್ಲಿನ ಹತ್ತಿರ ಪಿಕ್ಲಿಹಾಳವಿದೆ. 1950ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಅಲ್ಚಿನ್ ಅಲ್ಲಿ ಅಗೆದು, ನವಶಿಲಾಯುಗದ ಜನ ಹೇಗೆ ದನ ಸಾಕಿದರು, ಎಂಥ ಮಡಕೆಯಲ್ಲಿ ಬೇಯಿಸಿದರು, ಗುಡ್ಡದ ಬಂಡೆಯ ಮೇಲೆ ಏನು ಬಿಡಿಸಿದರು ಎಂಬುದರ ಮೇಲೆ 1960ರಲ್ಲಿ ಪುಸ್ತಕವನ್ನೇ ತಂದ. ಮಸ್ಕಿಯಲ್ಲಿ 1954ರಲ್ಲಿ ಥಾಪರ್ ಅಗೆದರು. ಅಕ್ಷರ ಹುಟ್ಟುವ ಮೊದಲಿನ ಹಟ್ಟಿಗಳ ದಿನನಿತ್ಯವನ್ನು ಮಡಕೆ ಚೂರು, ಅರೆಯುವ ಕಲ್ಲು, ಬೂದಿ, ದನದ ಎಲುಬು ಇಟ್ಟುಕೊಂಡು ಬರೆಯಲು ನಮಗೆ ಸಂಕೋಚವಿಲ್ಲ. ಅದೇ ಕಲ್ಲಿನಲ್ಲಿ ಬೀಸಿದ ಹೆಂಗಸು ಮೊನ್ನೆ ಮೊನ್ನೆಯವರೆಗೆ ಬಾಯಿಬಿಟ್ಟು ಹಾಡುತ್ತಿದ್ದಳು, ಅವಳ ಮಗಳು ಇವತ್ತೂ ಬದುಕಿದ್ದಾಳೆ, ಅವಳ ಕೌದಿ ಇವತ್ತೂ ಹೊದಿಕೆಯಾಗಿದೆ. ಅವಳಿಗೆ ಮಾತ್ರ ಆಧಾರವಿಲ್ಲ! ಮಸ್ಕಿ ಎಂದರೆ ನಮಗೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ, ಅರಸನ ಹೆಸರು ಸ್ಪಷ್ಟವಾಗಿ ಸಿಕ್ಕ ಹೆಮ್ಮೆ. ಆ ಹೆಮ್ಮೆ ಸಲ್ಲತಕ್ಕದ್ದೇ. ಆದರೆ ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಒಂದು ಹೆಸರಿಗೆ ಅಷ್ಟು ಕಣ್ಣು ಕೊಟ್ಟವರು ನೂರು ವರ್ಷದ ಹಿಂದಿನ ಒಲೆಯ ಮುಂದೆ ಕುರುಡಾದದ್ದನ್ನು ಆಧಾರದ ಕೊರತೆ ಎಂದು ಕರೆದರೆ ಒಪ್ಪುವುದು ಹೇಗೆ? ಅಲ್ಲಿ ಆಧಾರವನ್ನು ಹುಡುಕಿಕೊಂಡು ನೆಲ ಅಗೆದರು. ಇಲ್ಲಿ ಅಂಗಳದಲ್ಲಿ ಕೂತ ಮುದುಕಿಯನ್ನು ದಾಟಿಕೊಂಡು ಹೋದರು.

ಬೀಸುವ ಪದಗಳ ಮಾತು ತೆಗೆದೊಡನೆ ವಿದ್ವಾಂಸರು ತಲೆದೂಗುತ್ತಾರೆ, ಅದೇ ತೊಡಕು. ಅವು ಚೆಲುವಾದ ಕಾವ್ಯವೆಂದು ಎಲ್ಲರೂ ಒಪ್ಪುತ್ತಾರೆ. ಸಾಕ್ಷ್ಯವೆಂದು ಯಾರೂ ಒಪ್ಪುವುದಿಲ್ಲ. ಆ ಹಾಡು ಹುಟ್ಟಿದ ಗಳಿಗೆಯನ್ನು ನೋಡಿ. ಬೆಳಗಿನ ಜಾವ ಊರು ಏಳುವ ಮೊದಲು ಎದ್ದು, ಒಬ್ಬಳೋ ಎದುರುಬದುರು ಇಬ್ಬರೋ ಕೂತು, ಮನೆಮಂದಿಯ ರೊಟ್ಟಿಗೆ ಬೇಕಾದ ಜೋಳ ಬೀಸಬೇಕು. ಗಂಡಸರು ಮಲಗಿರುತ್ತಾರೆ, ಅತ್ತೆ ಮಲಗಿರುತ್ತಾಳೆ, ಅಥವಾ ಮಲಗಿದಂತೆ ಇರುತ್ತಾಳೆ. ದಿನದಲ್ಲಿ ಹೆಣ್ಣುಮಗಳಿಗೆ ತನ್ನ ದನಿ ತನಗೆ ಕೇಳಿಸುವ ಹೊತ್ತು ಅದೊಂದೇ. ಅಯೊವಾದ ಹೆಂಗಸು ರಾತ್ರಿ ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆಗೆದರೆ ಲಿಂಗಸುಗೂರಿನ ಹೆಂಗಸು ಎಲ್ಲರೂ ಏಳುವ ಮೊದಲು ಗೂಟ ಹಿಡಿದಳು. ತ್ರಿಪದಿಯ ಮೂರು ಸಾಲಿನಲ್ಲಿ ತುಂಬಿದ್ದೇನು? ಪಂಚಮಿಗೆ ಕರೆಯಲು ಅಣ್ಣ ಬಂದನೋ ಇಲ್ಲವೋ, ತಂದ ಸೀರೆ ಯಾವ ಪೇಟೆಯದು, ಅತ್ತಿಗೆ ಮೋರೆ ತಿರುವಿದಳೋ, ಬಾಣಂತಿತನ ತವರಲ್ಲೋ ಗಂಡನ ಮನೆಯಲ್ಲೋ, ಕೂಸಿಗೆ ಏನು ಬೇನೆ, ಬಂಜೆ ಎಂದವರು ಯಾರು, ಎತ್ತು ಕೊಂಡದ್ದು ಯಾವ ಸಂತೆಯಲ್ಲಿ. ಅಣ್ಣನ ಹೆಸರು, ತವರೂರಿನ ಹೆಸರು, ದಾಟಿದ ಹಳ್ಳದ ಹೆಸರು ಹಾಡುವವಳ ಬಾಯಲ್ಲಿ ಬದಲಾಗುತ್ತ ಹೋಗುತ್ತವೆ. ಆ ಬದಲಾಗುವ ಜಾಗವೇ ಅವಳ ದಿನಚರಿ. ಚೌಕಟ್ಟು ಎಲ್ಲರದು, ತುಂಬಿದ್ದು ಅವಳದು. ಅಚ್ಚಾದ ಡೈರಿಯ ತಾರೀಖಿನ ಗೆರೆ ಕಂಪನಿಯದು, ಶಾಯಿ ಎಮಿಲಿ ಡೇವಿಸ್‌ಳದು ಎಂಬ ಹಾಗೆ.

ಆದರೆ ನಮ್ಮ ಸಂಗ್ರಹಗಳು ಅಳಿಸಿದ್ದು ಸರಿಯಾಗಿ ಆ ಜಾಗವನ್ನೇ. ಭೀಮಾತೀರದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತರದಿದ್ದರೆ ಈ ಚರ್ಚೆಗೆ ನೆಲವೇ ಇರುತ್ತಿರಲಿಲ್ಲ. ಹಾಡೂ ಸಾಹಿತ್ಯವೆಂದು ಪೇಟೆಯ ಓದುಗರನ್ನು ಒಪ್ಪಿಸುವುದೇ ಅಂದಿನ ದೊಡ್ಡ ಹೋರಾಟವಾಗಿತ್ತು, ಅದನ್ನು ಅವರು ಗೆದ್ದರು. ಅವರ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಗೆಲುವಿನ ಮೇಲೆ ಅರ್ಧ ಶತಮಾನ ಮಲಗಿದವರ ಮೇಲೆ. ಪದವಿ, ಪೀಠ, ಧ್ವನಿಮುದ್ರಣ ಯಂತ್ರ ಎಲ್ಲ ಬಂದ ಮೇಲೂ ನಮ್ಮ ಬಹುಪಾಲು ಸಂಕಲನಗಳು ತವರು, ಅಣ್ಣ, ಕೂಸು, ಸವತಿ, ದೇವರು ಎಂದು ಹಾಡುಗಳನ್ನು ವಿಂಗಡಿಸಿ ಇಟ್ಟವೇ ಹೊರತು ಯಾರು ಹಾಡಿದರು, ಯಾವ ಊರು, ಯಾವ ಕುಲ, ಎಷ್ಟು ಮಕ್ಕಳ ತಾಯಿ, ಹಾಡುತ್ತ ನಡುವೆ ಏನು ಹೇಳಿ ನಕ್ಕಳು ಎಂಬುದನ್ನು ಉದುರಿಸಿಬಿಟ್ಟವು. ಜನಪದಕ್ಕೆ ಕರ್ತೃವಿಲ್ಲ ಎಂಬ ಸಿದ್ಧಾಂತ ಅನುಕೂಲಕ್ಕೆ ಬಂತು. ಹಾಡಿದವಳ ಹೆಸರನ್ನು ನಾವೇ ಕಿತ್ತುಹಾಕಿ, ಆಮೇಲೆ ಹೆಸರಿಲ್ಲದ ಹಾಡು ವ್ಯಕ್ತಿಯ ದಾಖಲೆಯಾಗದು ಎಂದು ತೀರ್ಪು ಕೊಟ್ಟೆವು. ಬೇರೆ ರೀತಿ ಸಾಧ್ಯವಿರಲಿಲ್ಲವೇ? ಪಕ್ಕದ ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪೊಯ್ಟೆವಿನ್ ಜೊತೆಗೂಡಿ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಲಕ್ಷಕ್ಕೂ ಹೆಚ್ಚು ಬೀಸುವ ಪದ ಕೂಡಿಸಿದರು; ಹಾಡಿದವಳ ಹೆಸರು, ಊರು ಸಮೇತ. ಭಾರತದ ಗ್ರಾಮಜೀವನದ ಅಂತರಜಾಲ ಭಂಡಾರವಾದ ‘ಪರಿ’ಯಲ್ಲಿ ಇಂದು ಅವನ್ನು ಕೇಳಬಹುದು. ಅಲ್ಲಿನ ಹೆಂಗಸರಿಗೂ ಅಕ್ಷರವಿರಲಿಲ್ಲ. ಅಲ್ಲಿ ಹಾಡು ಕೇಳಲು ಹೋದವರು ಹೆಸರು ಕೇಳಿದರು, ಅಷ್ಟೇ ವ್ಯತ್ಯಾಸ.

ಹಾಡು ಸಿದ್ಧ ಸೂತ್ರಗಳ ಮಾಲೆ, ಅದರಲ್ಲಿ ಒಬ್ಬಳ ಅಂದಿನ ಸುಖದುಃಖ ಹುಡುಕುವುದು ಭ್ರಮೆ ಎನ್ನುವವರಿಗೆ ಇನ್ನೊಂದು ಪ್ರಕಾರವನ್ನು ತೋರಿಸಬೇಕು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಹೆಣದ ಮುಂದೆ ಕೂತು, ಸತ್ತವರನ್ನು ಕೂಗಿ ಕರೆಯುತ್ತ, ಅವರು ಬದುಕಿದ್ದಾಗ ಮಾಡಿದ್ದೆಲ್ಲವನ್ನೂ ರಾಗದಲ್ಲಿ ಹೇಳುತ್ತ ಹೋಗುವುದು: ಯಾವ ವರ್ಷ ಹೊಲ ಹೋಯಿತು, ಯಾರ ಸಾಲ ತೀರಿಸದೆ ಉಳಿಯಿತು, ಕಡೆಯ ಬೇನೆಯಲ್ಲಿ ಯಾವ ದವಾಖಾನೆಗೆ ಒಯ್ದರು, ಏನು ಬೇಡಿದರೆ ಏನು ಕೊಡಲಾಗಲಿಲ್ಲ, ಯಾವ ಮಗ ಬರಲಿಲ್ಲ. ಅದರಲ್ಲಿ ಬೈಗುಳ ಇರುತ್ತದೆ, ಲೆಕ್ಕ ಇರುತ್ತದೆ, ಊಟದ ಹೆಸರಿರುತ್ತದೆ. ಅಂದಿನ ದಿನಕ್ಕೆ, ಆ ಒಬ್ಬ ವ್ಯಕ್ತಿಗೆ ಮಾತ್ರ ಸಲ್ಲುವ, ಮತ್ತೆ ಅದೇ ರೂಪದಲ್ಲಿ ಎಂದೂ ಬಾರದ ಮಾತು ಅದು. ಅಮೆರಿಕದ ಡೈರಿಗಳಲ್ಲಿ ಸಾವಿನ ದಿನದ ನಮೂದು ಇಷ್ಟು ವಿವರವಾಗಿ, ಇಷ್ಟು ನಿರ್ಭಿಡೆಯಿಂದ ಇರುವುದು ಅಪರೂಪ. ಇದನ್ನು ಸಂಗ್ರಹಿಸುವ ಯೋಚನೆ ನಮ್ಮ ಜಾನಪದ ಶಿಸ್ತಿಗೆ ಹೆಚ್ಚು ಬರಲಿಲ್ಲ. ಅದು ಮಂಗಲಕ್ಕೆ ಒಗ್ಗದು, ಸಂಕಲನದ ಚೆಲುವಿಗೆ ಒಗ್ಗದು. ಸಾವಿನ ಮನೆಗೆ ಯಂತ್ರ ಹಿಡಿದು ಹೋಗುವುದು ಅಸಭ್ಯವೂ ಹೌದು. ಆದರೆ ವರ್ಷ ಕಳೆದ ಮೇಲೆ, ಅತ್ತವಳ ಜೊತೆ ಕೂತು, ಅಂದು ಏನೇನು ಅಂದೆ ಎಂದು ಕೇಳುವುದಕ್ಕೆ ಯಾವ ಅಸಭ್ಯತೆಯೂ ಇಲ್ಲ.

ತಾರೀಖಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಾಡಿಗೆ ದಿನಾಂಕವಿಲ್ಲ, ಬ್ಯಾಲರ್ಡ್‌ಳ ಡೈರಿಯಿಂದ 816 ಎಂಬ ಸಂಖ್ಯೆ ತೆಗೆದಂತೆ ತ್ರಿಪದಿಯಿಂದ ಎಷ್ಟು ಹೆರಿಗೆ, ಎಷ್ಟು ಶಿಶುಮರಣ ಎಂದು ಎಣಿಸಲಾಗದು. ಒಪ್ಪಬೇಕಾದ ಮಾತು. ಲಿಂಗಸುಗೂರಿನ ಹತ್ತೊಂಬತ್ತನೆಯ ಶತಮಾನದ ಬಾಣಂತಿ ಸಾವುಗಳ ಕೋಷ್ಟಕವನ್ನು ಯಾವ ಹಾಡಿನಿಂದಲೂ ಕಟ್ಟಲಾಗದು, ಕಟ್ಟುತ್ತೇನೆ ಎಂದವರನ್ನು ನಂಬಬಾರದು. ಆದರೆ ದಿನಾಂಕವಿಲ್ಲ ಎಂದರೆ ಕಾಲವೇ ಇಲ್ಲ ಎಂದಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲೂ ಮದರಾಸು ರೈಲೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಹಾಡಿನಲ್ಲಿ ರೈಲು ಬಂದರೆ ಆ ನುಡಿ ಅದಕ್ಕಿಂತ ಹಳೆಯದಲ್ಲ. ಮಿಲ್ಲಿನ ಸೀರೆ, ಸೀಮೆಎಣ್ಣೆ, ಗಿರಣಿ, ಕಾಲುವೆ ಒಂದೊಂದೂ ತನ್ನ ಗುರುತು ಒತ್ತಿ ಹೋಗಿದೆ. ಇನ್ನು ಊರಿನ ನೆನಪಿಗೆ ತನ್ನದೇ ಪಂಚಾಂಗವಿದೆ: ಬರದ ವರ್ಷ ಹುಟ್ಟಿದವನು, ಪ್ಲೇಗಿನ ವರ್ಷ ಊರು ಬಿಟ್ಟವರು, ರಜಾಕಾರರ ಗದ್ದಲದಲ್ಲಿ ಬಸುರಿಯಾಗಿದ್ದವಳು. 1876ರಿಂದ 78ರ ಬರ ಈ ಸೀಮೆಯನ್ನು ನೆಲಕ್ಕೆ ಒರಗಿಸಿತು. ಸರಕಾರದ ವರದಿಗಳು ಗಂಜಿಕೇಂದ್ರದ ತಲೆ ಎಣಿಸಿದವು. ಗಂಜಿಕೇಂದ್ರದವರೆಗೆ ನಡೆಯಲಾಗದೆ ಉಳಿದವರ ಮನೆಯಲ್ಲಿ ಯಾವ ಸೊಪ್ಪು, ಯಾವ ಗೆಡ್ಡೆ ಬೆಂದಿತು ಎಂಬುದನ್ನು ವರದಿ ಬರೆಯಲಿಲ್ಲ. ಅದು ತಾಯಿಯಿಂದ ಮಗಳಿಗೆ ಬಂದ ಮಾತಿನಲ್ಲಿ ಮಾತ್ರ ಉಳಿಯಬಲ್ಲದ್ದು. ಡೈರಿ ದಿನವನ್ನು ಹಿಡಿಯುತ್ತದೆ, ಹಾಡು ಋತುವನ್ನು ಹಿಡಿಯುತ್ತದೆ. ಎರಡನೆಯದಕ್ಕೆ ತಕ್ಕ ಪ್ರಶ್ನೆ ಕೇಳುವುದು ಕಲಿಯದೆ ಅದು ಮೂಗಿ ಎಂದರೆ ಅನ್ಯಾಯ.

ಹಾಗಾದರೆ ನಿರಕ್ಷರತೆಯನ್ನು ವೈಭವೀಕರಿಸುತ್ತಿದ್ದೀರಾ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಹಾಡೇ ಸಾಕೆನ್ನುವವರು ಹೆಣ್ಣುಮಕ್ಕಳಿಗೆ ಶಾಲೆ ಬೇಡವೆನ್ನುವವರಿಗೆ ಹತ್ತಿರದವರು. ನಾನು ಆ ಸಾಲಿನವನಲ್ಲ. ಅಕ್ಷರ ಸಿಗದಿದ್ದದ್ದು ಶುದ್ಧ ವಂಚನೆ. ಆದರೆ ವಂಚನೆಗೆ ಒಳಗಾದವಳ ಬದುಕನ್ನು ಚರಿತ್ರೆಯಿಂದಲೂ ಹೊರಗಿಟ್ಟರೆ ಅದೇ ವಂಚನೆಗೆ ಅವಳಿಂದ ಎರಡನೆಯ ಸಲ ದಂಡ ವಸೂಲು ಮಾಡಿದಂತೆ. ಇದರಲ್ಲಿ ಅಮೆರಿಕದಿಂದ ಕಲಿಯುವುದಿದ್ದರೆ ಡೈರಿಗಳಿಗಿಂತ ಬೇರೊಂದು ಪಾಠವಿದೆ. ಅಲ್ಲಿ ಉಳಿದ ಡೈರಿಗಳಲ್ಲಿ ಹೆಚ್ಚಿನವು ಉಳ್ಳ ಬಿಳಿಯ ಮನೆತನಗಳವು. ಅವುಗಳಲ್ಲಿ ಬಟ್ಟೆ ಒಗೆದವಳು ಹೆಸರಿಲ್ಲದ ಆಳಾಗಿ ಬರುತ್ತಾಳೆ. ಚೆಸ್ನಟ್‌ಳ ಮನೆಯ ಗುಲಾಮ ಹೆಂಗಸರು ಡೈರಿ ಬರೆಯುವಂತೆಯೇ ಇರಲಿಲ್ಲ. ನೆರೆಯ ಉತ್ತರ ಕ್ಯಾರೊಲಿನಾ 1830ರಲ್ಲಿ ಗುಲಾಮರಿಗೆ ಓದು ಕಲಿಸುವುದನ್ನೇ ಅಪರಾಧ ಮಾಡಿತು. ಅವರಿಗೆ ದಾಖಲೆಯಿಲ್ಲ ಎಂದು ಆ ದೇಶ ಕೈತೊಳೆದುಕೊಳ್ಳಲಿಲ್ಲ. ಗುಲಾಮಗಿರಿ ಮುಗಿದು ಎಪ್ಪತ್ತು ವರ್ಷವಾದ ಮೇಲೆ, 1936ರಿಂದ 38ರವರೆಗೆ, ಸರಕಾರವೇ ಕೆಲಸ ಕಳೆದುಕೊಂಡ ಬರಹಗಾರರಿಗೆ ಸಂಬಳ ಕೊಟ್ಟು ಹಳ್ಳಿಹಳ್ಳಿಗೆ ಕಳಿಸಿ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮಾಜಿ ಗುಲಾಮರ ಮಾತು ಬರೆಸಿತು. ಕೇಳಿದವರಲ್ಲಿ ಹಲವರು ಬಿಳಿಯರು, ಮುದುಕರು ಹೆದರಿ ಮರೆಮಾಚಿದ್ದೂ ಇದೆ, ಉಚ್ಚಾರವನ್ನು ಅಪಹಾಸ್ಯದಂತೆ ಬರೆದದ್ದೂ ಇದೆ. ಕುಂದುಳ್ಳ ದಾಖಲೆ ಇದ್ದರೆ ಕುಂದನ್ನು ಚರ್ಚಿಸಲಾದರೂ ಆಗುತ್ತದೆ. ನಮ್ಮಲ್ಲಿಯೂ ಬೀಸುವ ಪದದ ಸಂಕಲನಗಳು ಹೆಚ್ಚಾಗಿ ಒಕ್ಕಲು ಮನೆಗಳ ಪಡಸಾಲೆಯವೇ. ಆ ಮನೆಯ ಹೊಲದಲ್ಲಿ ಕಳೆ ತೆಗೆದ, ಹತ್ತಿ ಬಿಡಿಸಿದ ಕೇರಿಯ ಹೆಂಗಸರ ದಿನ ಅವುಗಳಲ್ಲೂ ತೆಳು. ದಾಖಲೆಯಿಲ್ಲವೆಂಬ ಒಂದೇ ಮಾತಿನಡಿ ಈ ಎರಡು ಬಗೆಯ ಮೌನಗಳೂ ಒಂದಾಗಿಬಿಡುತ್ತವೆ. ನಿಜವಾಗಿ ಒಂದಕ್ಕಿಂತ ಒಂದು ಆಳ.

ಸೂಲಗಿತ್ತಿಯ ಮಾತಿನಿಂದ ಆರಂಭಿಸಿದ್ದರಿಂದ ನಮ್ಮ ಕಾಲದ ಸೂಲಗಿತ್ತಿಯೊಬ್ಬರನ್ನೂ ನೆನೆಯಬೇಕು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಎಂದು ಪತ್ರಿಕೆಗಳು ಬರೆದವು. ಅವರಿಗೆ ಓದು ಬರಹ ಇರಲಿಲ್ಲ. ಬ್ಯಾಲರ್ಡ್‌ಳ 816ಕ್ಕೆ ಒಂದೊಂದಕ್ಕೂ ಮನೆ, ರಾತ್ರಿ, ಕೂಲಿ ಉಂಟು. ನಮ್ಮ ಹದಿನೈದು ಸಾವಿರ ಒಂದು ಉರುಟು ಸಂಖ್ಯೆಯಾಗಿ ಸನ್ಮಾನಪತ್ರದಲ್ಲಿ ಉಳಿಯಿತು. ತೊಂಬತ್ತು ದಾಟಿದ ಮೇಲೂ ಅವರು ಮಾತಾಡುತ್ತಿದ್ದರು. ಅವರಿಗೆ ಹಾರ ಹಾಕಿದವರ ಸಂಖ್ಯೆಗೂ ಅವರ ಮುಂದೆ ಹಾಳೆ ಹಿಡಿದು ಒಂದೊಂದೇ ಹೆರಿಗೆ ಹೇಳಿಸಿಕೊಂಡವರ ಸಂಖ್ಯೆಗೂ ಇರುವ ಅಂತರವೇ ನನ್ನ ವಾದದ ಸಾರ. ಗೌರವ ಕೊಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ, ಕೇಳಿ ಬರೆದುಕೊಳ್ಳುವುದರಲ್ಲಿ ಬಿದ್ದಿದ್ದೇವೆ.

ಅಕ್ಷರವಿಲ್ಲದ್ದೇ ನಿಜವಾದ ಕಾರಣವಾಗಿದ್ದರೆ ಅಕ್ಷರ ಬಂದ ಮೇಲಾದರೂ ಪರಿಸ್ಥಿತಿ ಬದಲಾಗಬೇಕಿತ್ತು. ಇವತ್ತು ಪಾಮನಕಲ್ಲೂರಿನಂಥ ಹೋಬಳಿಯಲ್ಲಿ ಹೆಂಗಸರು ಬರೆದ ಬರಹ ರಾಶಿಯಾಗಿ ಇದೆ. ಅಂಗನವಾಡಿ ಕಾರ್ಯಕರ್ತೆಯ ದಾಖಲೆ ಪುಸ್ತಕದಲ್ಲಿ ಯಾವ ಮನೆಯಲ್ಲಿ ಯಾವ ದಿನ ಕೂಸು ಹುಟ್ಟಿತು, ತೂಕ ಎಷ್ಟು, ಬಸುರಿ ಯಾವ ತಿಂಗಳು ತವರಿಗೆ ಹೋದಳು, ಯಾವ ಮಗು ಗುಳೆ ಹೋದ ತಾಯಿಯ ಜೊತೆ ಹೆಸರು ಕಡಿಸಿಕೊಂಡಿತು ಎಂಬುದಿದೆ. ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಮನೆಮನೆ ತಿರುಗಿದ ದಿನಗಳಿವೆ. ಸ್ತ್ರೀಶಕ್ತಿ ಸಂಘಗಳು ಹುಟ್ಟಿ ಎರಡು ದಶಕ ದಾಟಿವೆ. ಅವುಗಳ ನಡಾವಳಿ ಪುಸ್ತಕದಲ್ಲಿ, ಓದು ಬಲ್ಲ ಒಬ್ಬ ಸದಸ್ಯೆಯೋ ಯಾರದೋ ಶಾಲೆಗೆ ಹೋಗುವ ಮಗಳೋ ಬರೆದ ಅಂಕುಡೊಂಕು ಅಕ್ಷರದಲ್ಲಿ, ಯಾರು ಏತಕ್ಕೆ ಸಾಲ ಎತ್ತಿದರು ಎಂದು ವಾರವಾರಕ್ಕೆ ಇದೆ: ಬೀಜಕ್ಕೆ, ಬಾಣಂತನಕ್ಕೆ, ಮಗನ ಫೀಸಿಗೆ, ಎಮ್ಮೆಗೆ, ಗಂಡನ ಆಸ್ಪತ್ರೆಗೆ. ಗಿಲೆಸ್ಪಿಯ ಬೆಣ್ಣೆ-ಮೊಟ್ಟೆಯ ಲೆಕ್ಕಕ್ಕೂ ಇದಕ್ಕೂ ಏನು ಭೇದ? ಸರಕಾರಿ ನಮೂನೆ ತುಂಬಿದ್ದು ಸ್ವಂತ ಬರಹವಲ್ಲ ಎನ್ನಬಹುದು. ಷರಾ ಎಂಬ ಕೊನೆಯ ಅಂಕಣ ನೋಡಿದವರಿಗೆ ಆ ಸಂದೇಹ ಉಳಿಯದು; ನಮೂನೆಗೆ ಹಿಡಿಸದ ಬದುಕೆಲ್ಲ ಅಲ್ಲಿ ಬಂದು ಸೇರುತ್ತದೆ. ಈ ಪುಸ್ತಕಗಳ ಗತಿ ಏನು? ತುಂಬಿದ ಮೇಲೆ ಗೋಣಿಚೀಲ, ಗೆದ್ದಲು, ರದ್ದಿ. ತಾರೀಖು, ಹೆಸರು, ಊರು ಎಲ್ಲ ಇರುವ ಹೆಂಗಸರ ಕೈಬರಹವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಸಮಾಜ, 1860ರ ಅಜ್ಜಿ ಡೈರಿ ಬರೆಯಲಿಲ್ಲವೆಂದು ಕೊರಗುತ್ತದೆ. ಬರೆದಿದ್ದರೂ ಅದು ಒಲೆಗೇ ಹೋಗುತ್ತಿತ್ತು.

ಈ ಅಲಕ್ಷ್ಯದ ಪರಿಣಾಮ ಕೇವಲ ಪುಸ್ತಕದ ಮಟ್ಟದ್ದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಸಿಂಧನೂರಿನ ಕಡೆ ಹೆಂಗಸಿನ ದಿನ ಭತ್ತದ ನಾಟಿಯ ಕೆಸರಿಗೆ ಇಳಿಯಿತು. ನೀರು ಬಾರದ ಪಾಮನಕಲ್ಲೂರಿನ ಕಡೆ ಅದು ಕೊಡ, ಸಜ್ಜೆ, ತೊಗರಿ, ಗುಳೆಗಳ ನಡುವೆ ಉಳಿಯಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020-21ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಕಡತಗಳಲ್ಲಿ ಆ ವಿವಾದ ಟಿಎಂಸಿ ಮತ್ತು ಎಕರೆಗಳ ಭಾಷೆಯಲ್ಲಿದೆ. ಒಂದು ಮನೆಗೆ ನೀರು ತರಲು ಒಬ್ಬಳ ಬೆಳಗಿನ ಎಷ್ಟು ಹೊತ್ತು ಹೋಗುತ್ತದೆ, ನೀರು ಬಂದ ಊರಲ್ಲಿ ಆ ಹೊತ್ತು ಯಾವ ಹೊಸ ದುಡಿಮೆಗೆ ಸಂದಿತು ಎಂಬ ಎರಡು ತಲೆಮಾರಿನ ಹೋಲಿಕೆ ಯಾವ ಕಡತದಲ್ಲೂ ಬರುವುದಿಲ್ಲ. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೋದ ಅಮೆರಿಕದ ಹೆಂಗಸರು ದಾರಿಯಲ್ಲಿ ಕಂಡ ಗೋರಿಗಳನ್ನು ಎಣಿಸಿ ಬರೆದಿಟ್ಟರು. ಲಿಲಿಯನ್ ಶ್ಲಿಸೆಲ್ 1982ರಲ್ಲಿ ಆ ಡೈರಿಗಳನ್ನು ಕೂಡಿಸಿದಾಗ ಗಂಡಸರ ಸಾಹಸಕಥೆಯ ಬಣ್ಣವೇ ಬದಲಾಯಿತು. ಗುಳೆ ಹೋಗುವ ನಮ್ಮ ಹೆಂಗಸು ಬೆಂಗಳೂರಿನ ಕಟ್ಟಡದ ಶೆಡ್ಡಿನಿಂದ ಊರಲ್ಲಿ ಬಿಟ್ಟುಬಂದ ಮಕ್ಕಳಿಗೆ, ಅವ್ವನಿಗೆ ದಿನಾ ಮೊಬೈಲಿನಲ್ಲಿ ದನಿ ಕಳಿಸುತ್ತಾಳೆ: ಕೂಲಿ ಕೊಟ್ಟರೋ ಇಲ್ಲವೋ, ಏನು ಉಂಡೆವು, ಕೂಸಿಗೆ ಜ್ವರ ಇಳಿಯಿತೋ. ತಾರೀಖು, ಗಂಟೆ, ನಿಮಿಷ ಸಮೇತ. ಫೋನು ಕೆಟ್ಟ ದಿನ ಅದೆಲ್ಲ ಹೋಗುತ್ತದೆ.

ಕೊನೆಯದಾಗಿ ಒಂದು ಆಕ್ಷೇಪ ಉಳಿದಿದೆ, ಅದು ವಿದ್ವಾಂಸರಿಂದಲ್ಲ, ಮನೆಗಳಿಂದ ಬರುವಂಥದ್ದು: ಮನೆಯ ಮಾತು ಯಾಕೆ ಬೀದಿಗೆ? ಅತ್ತೆಯನ್ನು ಬೈದ ಪದ, ಸಾಲದ ಕಾರಣ, ಕೂಸು ಹೋದ ಕಥೆ ಅಚ್ಚಾಗಬೇಕೇ? ಹೆಸರು ಉದುರಿಸಿದ ಹಳೆಯ ಸಂಕಲನಕಾರರು ತಿಳಿದೋ ತಿಳಿಯದೆಯೋ ಆ ಮಾನವನ್ನು ಕಾಯ್ದರು ಎಂದೂ ವಾದಿಸಬಹುದು. ಇದಕ್ಕೆ ಬೆಲೆ ಕೊಡಲೇಬೇಕು. ಆದರೆ ಕಾಯುವುದಕ್ಕೂ ಅಳಿಸುವುದಕ್ಕೂ ಭೇದವಿದೆ. ಹೇಳಿದವಳ ಒಪ್ಪಿಗೆ ಪಡೆದು, ಅವಳು ಬೇಡವೆಂದದ್ದನ್ನು ಬಿಟ್ಟು, ಅವಳು ಹೇಳಿದಷ್ಟು ವರ್ಷ ಮುಚ್ಚಿಟ್ಟು ಕಾಪಿಡುವ ಪದ್ಧತಿ ಜಗತ್ತಿನ ಪತ್ರಾಗಾರಗಳಲ್ಲಿ ಹಳೆಯದು. ಅಂಗನವಾಡಿಯ ಪುಸ್ತಕದಲ್ಲಿ ರೋಗದ ಕಾಲಮ್ಮು ಮುಚ್ಚಿ ಉಳಿದದ್ದನ್ನು ಉಳಿಸಲು ದೊಡ್ಡ ವಿದ್ಯೆ ಬೇಡ. ಏನು ಉಳಿಯಬೇಕು, ಯಾರ ಹೆಸರು ಇರಬೇಕು, ಯಾವುದು ಮೂವತ್ತು ವರ್ಷ ಬೀಗದೊಳಗಿರಬೇಕು ಎಂಬುದನ್ನು ಬರೆದವಳು, ಹಾಡಿದವಳು ಹೇಳಬೇಕು. ಈಗ ಅದನ್ನು ತೀರ್ಮಾನಿಸುತ್ತಿರುವುದು ರದ್ದಿ ಹರಾಜಿನ ಪಟ್ಟಿ ಮಾಡುವ ಗುಮಾಸ್ತ. ಅವನನ್ನು ದೂರಿ ಫಲವಿಲ್ಲ. ಆ ಪಟ್ಟಿಯಲ್ಲಿ ಚರಿತ್ರೆಯಿದೆ ಎಂದು ಅವನಿಗೆ ಹೇಳಬೇಕಾದವರು ದಾಖಲೆಯೇ ಇಲ್ಲವೆಂಬ ಪ್ರಬಂಧ ಓದಲು ಊರೂರಿಗೆ ಹೋಗಿದ್ದಾರೆ.